ವಿಲಿಯಂ ಹೋಗಾರ್ತ್: ವಿಡಂಬನೆ, ಸ್ವಾತಂತ್ರ್ಯ ಮತ್ತು ಒಂದು ಶಾಂತಿ ಒಪ್ಪಂದ

1

ಹದಿನೆಂಟನೆಯ ಶತಮಾನದ ಇಂಗ್ಲೆಂಡನ್ನು ಅರಿಯಲು ಸ್ವಿಫ್ಟ್, ಫೀಲ್ಡಿಂಗ್ ಮೊದಲಾದವರ ಗದ್ಯವನ್ನು ಆಶ್ರಯಿಸುವುದು ವಾಡಿಕೆ. ಆ ಗದ್ಯದ ಜೊತೆಯಲ್ಲಿಯೇ ಇಟ್ಟು ನೋಡಬೇಕಾದ ಇನ್ನೊಂದು ಆಕರವೆಂದರೆ ವಿಲಿಯಂ ಹೋಗಾರ್ತ್‌ನ ಕೆತ್ತನೆ ಚಿತ್ರಗಳು. ತಾಮ್ರಪಟವೆಂದೊಡನೆ ದಾನಶಾಸನವನ್ನು ನೆನೆಯುವ ಕನ್ನಡ ವಿದ್ವತ್ತಿಗೆ ತಾಮ್ರದ ಮೇಲಿನ ಕೆತ್ತನೆ ಹೊಸದಲ್ಲ. ನಮ್ಮಲ್ಲಿ ಅದು ಅರಸನ ಮಾತನ್ನು ಶಾಶ್ವತಗೊಳಿಸುವ ಸಾಧನವಾಗಿತ್ತು. ಹೋಗಾರ್ತ್‌ನ ಲಂಡನ್ನಿನಲ್ಲಿ ತಾಮ್ರದ ತಗಡನ್ನು ಕೊರೆದು, ಗೆರೆಗಳಲ್ಲಿ ಮಸಿ ತುಂಬಿ, ಒದ್ದೆ ಕಾಗದದ ಮೇಲೆ ಒತ್ತಿ ಸಾವಿರಾರು ಪ್ರತಿಗಳನ್ನು ತೆಗೆಯುತ್ತಿದ್ದರು. ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿದ ಆ ಹಾಳೆಗಳಲ್ಲಿ ಮಂತ್ರಿಗಳೂ ಶ್ರೀಮಂತರೂ ಪಾದ್ರಿಗಳೂ ಬೀದಿಯ ಜನರ ನಗೆಗೆ ಗುರಿಯಾಗುತ್ತಿದ್ದರು.

ಈ ಮಾಧ್ಯಮಕ್ಕೆ ಘನತೆಯನ್ನೂ ಕಾನೂನಿನ ರಕ್ಷಣೆಯನ್ನೂ ತಂದುಕೊಟ್ಟವರಲ್ಲಿ ಹೋಗಾರ್ತ್ ಅಗ್ರಗಣ್ಯ. ಯಾರ ಹಂಗಿಗೂ ಒಳಗಾಗದೆ ಸಾರ್ವಜನಿಕರಿಗೇ ನೇರವಾಗಿ ಚಿತ್ರ ಮಾರಿ ಬದುಕಬಲ್ಲೆನೆಂದು ತೋರಿಸಿದವನು ಅವನು. ಆದರೆ ಅವನ ಬದುಕಿನ ಕೊನೆಯ ಎರಡು ವರ್ಷಗಳು ಕಹಿಯಲ್ಲಿ ಕಳೆದವು. 1763ರ ಪ್ಯಾರಿಸ್ ಶಾಂತಿ ಒಪ್ಪಂದದ ಪರವಾಗಿ ಅವನು ಕೆತ್ತಿದ ಒಂದು ಚಿತ್ರವೇ ಇದಕ್ಕೆ ಕಾರಣ. ಯುದ್ಧ ನಿಲ್ಲಲೆಂದು ಬಯಸುವ ಚಿತ್ರವೊಂದು ತನ್ನ ಕರ್ತೃವಿನ ಕೀರ್ತಿಗೆ ಮುಳುವಾದ ಬಗೆಯನ್ನು ತಿಳಿಯಬೇಕಾದರೆ ಅವನು ನಡೆದುಬಂದ ದಾರಿಯನ್ನು ಮೊದಲಿನಿಂದ ನೋಡಬೇಕಾಗುತ್ತದೆ.

2

ಹೋಗಾರ್ತ್ ಹುಟ್ಟಿದ್ದು 1697ರ ನವೆಂಬರ್ 10ರಂದು, ಲಂಡನ್ನಿನ ಸ್ಮಿತ್‌ಫೀಲ್ಡ್ ಪ್ರದೇಶದಲ್ಲಿ. ದನದ ಸಂತೆಗೂ ಬಾರ್ತಲೋಮ್ಯೂ ಜಾತ್ರೆಗೂ ಹೆಸರಾದ ಈ ಕೇರಿಯ ಗದ್ದಲ ಮುಂದೆ ಅವನ ಚಿತ್ರಗಳ ತುಂಬ ಹರಡಿಕೊಂಡಿತು. ತಂದೆ ರಿಚರ್ಡ್ ಹೋಗಾರ್ತ್ ಉತ್ತರದ ವೆಸ್ಟ್‌ಮೋರ್ಲೆಂಡಿನಿಂದ ಬಂದ ಬಡ ಉಪಾಧ್ಯಾಯ. ಲ್ಯಾಟಿನ್ ಭಾಷೆಯಲ್ಲಿ ಪಂಡಿತ. ಗಿರಾಕಿಗಳು ಲ್ಯಾಟಿನ್ನಿನಲ್ಲಿ ಮಾತನಾಡಬಹುದಾದ ಕಾಫಿ ಮನೆಯೊಂದನ್ನು ತೆರೆದು ಅವನು ಸಾಲಕ್ಕೆ ಸಿಕ್ಕಿಬಿದ್ದ. ಸಾಲಗಾರರನ್ನು ಕೂಡಿಡುವ ಫ್ಲೀಟ್ ಸೆರೆಮನೆಯ ಆವರಣದಲ್ಲಿ ಕುಟುಂಬ ಕೆಲವು ವರ್ಷ ಕಳೆಯಬೇಕಾಯಿತು. ರಿಚರ್ಡ್ ಬಹುಕಾಲ ದುಡಿದು ಸಿದ್ಧಪಡಿಸಿದ ಲ್ಯಾಟಿನ್ ನಿಘಂಟು ಬೆಳಕು ಕಾಣಲೇ ಇಲ್ಲ. ಪುಸ್ತಕ ವ್ಯಾಪಾರಿಗಳ ಪೊಳ್ಳು ಭರವಸೆಗಳೇ ತಂದೆಯ ಆಯುಸ್ಸನ್ನು ಕಡಿಮೆ ಮಾಡಿದವೆಂದು ಹೋಗಾರ್ತ್ ಕೊನೆಯವರೆಗೂ ನಂಬಿದ್ದನು. ವಿದ್ಯೆಯಿಂದ ಅನ್ನ ಹುಟ್ಟದು ಎಂಬುದಕ್ಕಿಂತ, ಮಧ್ಯವರ್ತಿಯ ಕೈಗೆ ಸಿಕ್ಕ ವಿದ್ಯೆಯಿಂದ ಅನ್ನ ಹುಟ್ಟದು ಎಂಬ ಪಾಠವನ್ನು ಅವನು ಇಲ್ಲಿಂದ ಕಲಿತನೆನ್ನಬೇಕು.

ಹದಿಹರೆಯದಲ್ಲಿ ಅವನನ್ನು ಎಲ್ಲಿಸ್ ಗ್ಯಾಂಬಲ್ ಎಂಬ ಬೆಳ್ಳಿ ಪಾತ್ರೆಗಳ ಕೆತ್ತನೆಗಾರನ ಬಳಿ ಶಿಷ್ಯವೃತ್ತಿಗೆ ಸೇರಿಸಲಾಯಿತು. ಶ್ರೀಮಂತರ ತಟ್ಟೆ ಲೋಟಗಳ ಮೇಲೆ ವಂಶಲಾಂಛನಗಳನ್ನು ಕೊರೆಯುವ ಈ ಕೆಲಸ ಅವನಿಗೆ ರುಚಿಸಲಿಲ್ಲ. 1720ರಲ್ಲಿ ಸ್ವತಂತ್ರ ಕೆತ್ತನೆಗಾರನಾಗಿ ಅಂಗಡಿ ತೆರೆದನು. ನಿಲ್ಲಿಸಿದ ಮಾದರಿಯನ್ನು ನೋಡಿ ಬರೆಯುವ ಶಾಲೆಯ ಅಭ್ಯಾಸಕ್ಕಿಂತ, ಬೀದಿಯಲ್ಲಿ ಕಂಡದ್ದನ್ನು ನೆನಪಿನಲ್ಲಿ ಹಿಡಿದಿಟ್ಟು ಮನೆಗೆ ಬಂದು ಬರೆಯುವ ಪದ್ಧತಿಯನ್ನು ಅವನು ರೂಢಿಸಿಕೊಂಡನು. ಸೌತ್ ಸೀ ಕಂಪೆನಿಯ ಷೇರು ಹಗರಣದಲ್ಲಿ ಸಾವಿರಾರು ಜನ ಹಣ ಕಳೆದುಕೊಂಡಾಗ ಅದನ್ನು ಕುರಿತು ಕೆತ್ತಿದ ಚಿತ್ರ ಅವನ ಮೊದಲ ವಿಡಂಬನೆಗಳಲ್ಲಿ ಒಂದು. 1729ರಲ್ಲಿ ರಾಜಾಸ್ಥಾನದ ವರ್ಣಚಿತ್ರಕಾರ ಸರ್ ಜೇಮ್ಸ್ ಥಾರ್ನ್‌ಹಿಲ್‌ನ ಮಗಳಾದ ಜೇನ್‌ಳನ್ನು, ತಂದೆಯ ಒಪ್ಪಿಗೆಗೆ ಕಾಯದೆ, ಮದುವೆಯಾದನು.

3

1724ರ ಒಂದು ಘಟನೆ ಹೋಗಾರ್ತ್‌ನ ಮುಂದಿನ ನಡೆಯನ್ನು ನಿರ್ಧರಿಸಿತು. ಲಂಡನ್ನಿನ ಸಿರಿವಂತರ ಗೀತನಾಟಕದ ಹುಚ್ಚನ್ನು ಲೇವಡಿ ಮಾಡಿ ಅವನು ಪ್ರಕಟಿಸಿದ ಚಿತ್ರದ ನಕಲುಗಳು ಕೆಲವೇ ದಿನಗಳಲ್ಲಿ ಅರ್ಧ ಬೆಲೆಗೆ ಮಾರಾಟವಾದವು. ಚಿತ್ರ ವ್ಯಾಪಾರಿಗಳು ಒಟ್ಟಾಗಿ ಮೂಲಕ್ಕೆ ಬೆಲೆ ಬಾರದಂತೆ ನೋಡಿಕೊಂಡರು. ಅಂದು ಕೆತ್ತನೆಗಾರನಿಗೆ ತನ್ನ ಚಿತ್ರದ ಮೇಲೆ ಯಾವ ಹಕ್ಕೂ ಇರಲಿಲ್ಲ. ತಗಡನ್ನು ವ್ಯಾಪಾರಿಗೆ ಮಾರಿ ಕೈತೊಳೆದುಕೊಳ್ಳುವುದು, ಇಲ್ಲವೇ ನಕಲಿನ ಹಾವಳಿಗೆ ತಲೆಬಾಗುವುದು, ಇವೆರಡೇ ದಾರಿಗಳಿದ್ದವು.

ಹೋಗಾರ್ತ್ ಮೂರನೆಯ ದಾರಿಯನ್ನು ಹುಡುಕಿದನು. ಹಳ್ಳಿಯಿಂದ ಲಂಡನ್ನಿಗೆ ಬಂದ ಹುಡುಗಿಯೊಬ್ಬಳು ವೇಶ್ಯಾವೃತ್ತಿಗೆ ಬಿದ್ದು ನಾಶವಾಗುವ ಕಥೆಯನ್ನು ಆರು ಚಿತ್ರಗಳಲ್ಲಿ ಹೇಳುವ ‘ವೇಶ್ಯೆಯ ಪಯಣ’ ಮಾಲಿಕೆಯನ್ನು 1732ರಲ್ಲಿ ಚಂದಾದಾರರಿಗೆ ನೇರವಾಗಿ ವಿತರಿಸಿದನು. ಒಂದು ಗಿನಿ ಬೆಲೆಯ ಈ ಮಾಲಿಕೆಗೆ ಸಾವಿರಕ್ಕೂ ಮಿಕ್ಕಿ ಚಂದಾದಾರರು ದೊರೆತರು. ಆದರೆ ನಕಲುಗಳು ಇದನ್ನೂ ಬಿಡಲಿಲ್ಲ. ಆಗ ಅವನು ಸಹೋದ್ಯೋಗಿಗಳೊಡನೆ ಸೇರಿ ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿದನು. ಅದರ ಫಲವಾಗಿ ಬಂದ 1735ರ ಕಾಯಿದೆ, ಸ್ವಂತ ಕಲ್ಪನೆಯಿಂದ ರಚಿಸಿದ ಕೆತ್ತನೆ ಚಿತ್ರದ ಮೇಲೆ ಅದರ ಕರ್ತೃವಿಗೆ 14 ವರ್ಷಗಳ ಹಕ್ಕನ್ನು ನೀಡಿತು. ‘ಹೋಗಾರ್ತ್ ಕಾಯಿದೆ’ ಎಂದೇ ಅದು ಹೆಸರಾಗಿದೆ. ಆ ಹೊತ್ತಿಗೆ ಸಿದ್ಧವಾಗಿದ್ದ ‘ದುಂದುಗಾರನ ಪಯಣ’ ಮಾಲಿಕೆಯನ್ನು ಕಾಯಿದೆ ಜಾರಿಗೆ ಬರುವವರೆಗೂ, ಅಂದರೆ ಜೂನ್ 25ರವರೆಗೂ, ಅವನು ಪ್ರಕಟಿಸದೆ ತಡೆಹಿಡಿದನು.

ಈ ಕಾಯಿದೆ ಕಲೆಯ ಅರ್ಥಶಾಸ್ತ್ರವನ್ನೇ ಬದಲಿಸಿತೆಂಬುದನ್ನು ಗಮನಿಸಬೇಕು. ಆಶ್ರಯದಾತನಾದ ಶ್ರೀಮಂತನಿಗೂ ಬೆಲೆ ಕಟ್ಟುವ ವ್ಯಾಪಾರಿಗೂ ತಲೆಬಾಗಬೇಕಾಗಿದ್ದ ಕಲಾವಿದ ಈಗ ಜನಸಾಮಾನ್ಯ ಗ್ರಾಹಕರನ್ನೇ ತನ್ನ ಆಶ್ರಯದಾತರನ್ನಾಗಿ ಮಾಡಿಕೊಳ್ಳಬಹುದಾಗಿತ್ತು. ‘ಮ್ಯಾರೇಜ್ ಅ ಲಾ ಮೋಡ್’ (1745), ‘ಬಿಯರ್ ಬೀದಿ’ ಮತ್ತು ‘ಜಿನ್ ಗಲ್ಲಿ’ (1751), ಮತಗಳ ಮಾರಾಟವನ್ನು ಬಯಲಿಗೆಳೆದ ‘ಚುನಾವಣೆ’ಯ ನಾಲ್ಕು ಚಿತ್ರಗಳು (1755–58) ಈ ಸ್ವಾತಂತ್ರ್ಯದ ಫಲಗಳು. ‘ಚುನಾವಣೆ’ಯಲ್ಲಿ ಎರಡೂ ಪಕ್ಷಗಳು ಸಮಾನವಾಗಿ ನಗೆಗೀಡಾಗುತ್ತವೆ, ಚಿತ್ರಕಾರ ಯಾವ ಪಕ್ಷದಲ್ಲಿ ನಿಂತಿದ್ದಾನೆಂದು ಹೇಳಲು ಬರುವುದಿಲ್ಲ. ಹೋಗಾರ್ತ್‌ನ ವಿಡಂಬನೆಗೆ ಜನರ ನಡುವೆ ಇದ್ದ ಬೆಲೆ ಈ ನಿಷ್ಪಕ್ಷತೆಯಿಂದ ಬಂದದ್ದು.

4

ಯುದ್ಧ ಮತ್ತು ಶಾಂತಿಯ ವಿಷಯದಲ್ಲಿ ಅವನ ನಿಲುವು ಒಂದೇ ರೀತಿ ಇರಲಿಲ್ಲ. 1748ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳ ನಡುವಣ ಯುದ್ಧ ನಿಂತಾಗ ಅವನು ಫ್ರಾನ್ಸಿಗೆ ಹೋದನು. ಕ್ಯಾಲೆ ಪಟ್ಟಣದ ಕೋಟೆಬಾಗಿಲನ್ನು ಬರೆದುಕೊಳ್ಳುತ್ತಿದ್ದಾಗ ಗೂಢಚಾರನೆಂಬ ಶಂಕೆಯಿಂದ ಅವನನ್ನು ಹಿಡಿದು, ಬಳಿಕ ಹಡಗು ಹತ್ತಿಸಿ ಕಳುಹಿಸಿದರು. ಈ ಅವಮಾನಕ್ಕೆ ಉತ್ತರವಾಗಿ ಬಂದದ್ದು ‘ಕ್ಯಾಲೆಯ ಬಾಗಿಲು’. ಅದರಲ್ಲಿ ಬಡಕಲು ಫ್ರೆಂಚ್ ಸೈನಿಕರು ಇಂಗ್ಲಿಷ್ ದನದ ಮಾಂಸದ ದೊಡ್ಡ ತುಂಡನ್ನು ಬಾಯಿಬಿಟ್ಟು ನೋಡುತ್ತಾರೆ. 1756ರಲ್ಲಿ ಸಪ್ತವಾರ್ಷಿಕ ಯುದ್ಧ ಆರಂಭವಾದಾಗ ‘ದಾಳಿ’ ಎಂಬ ಹೆಸರಿನಲ್ಲಿ ಎರಡು ಚಿತ್ರಗಳನ್ನು ಕೆತ್ತಿ ಜನರ ಯುದ್ಧೋತ್ಸಾಹಕ್ಕೆ ನೀರೆರೆದನು. ಅದಕ್ಕೂ ಮೊದಲು, ‘ಫಿಂಚ್ಲಿಗೆ ದಂಡಯಾತ್ರೆ’ ಎಂಬ ಚಿತ್ರವನ್ನು ಅವನು ಪ್ರಷ್ಯಾದ ಅರಸ ಫ್ರೆಡರಿಕ್‌ನಿಗೆ ಅರ್ಪಿಸಿದ್ದನು. ಈ ಅರ್ಪಣೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

1757ರಲ್ಲಿ ಅವನು ಅರಸನ ಸಾರ್ಜೆಂಟ್ ಪೇಂಟರ್ ಆಗಿ ನೇಮಕಗೊಂಡನು. ಅರಮನೆಯ ಕಟ್ಟಡಗಳು, ನಾವೆಗಳು, ಧ್ವಜಗಳ ಬಣ್ಣದ ಕೆಲಸದ ಮೇಲ್ವಿಚಾರಣೆ ಈ ಹುದ್ದೆಗೆ ಸೇರಿತ್ತು. ಗೊತ್ತುಪಡಿಸಿದ ಸಂಬಳ ವರ್ಷಕ್ಕೆ 10 ಪೌಂಡ್ ಮಾತ್ರ. ಗುತ್ತಿಗೆಯ ಲಾಭ ಬೇರೆ. ಮಾವ ಥಾರ್ನ್‌ಹಿಲ್ ಹಿಂದೆ ಹಿಡಿದಿದ್ದ ಹುದ್ದೆ ಇದಾದುದರಿಂದ ಹೋಗಾರ್ತ್‌ನಿಗೆ ಇದು ಮನೆತನದ ಗೌರವದಂತೆಯೂ ಕಂಡಿರಬಹುದು. ಎರಡು ವರ್ಷಗಳ ಬಳಿಕ ಅವನು ಬಹಳ ಶ್ರಮವಹಿಸಿ ಬರೆದ ‘ಸಿಗಿಸ್ಮುಂಡಾ’ ಎಂಬ ವರ್ಣಚಿತ್ರವನ್ನು ಬರೆಯಿಸಿದ ಶ್ರೀಮಂತನೇ ಕೊಳ್ಳಲೊಲ್ಲದೆ ಹೋದನು. ಕಾಯಿಲೆಯೂ ಮನಸ್ಸಿನ ಕುಗ್ಗುವಿಕೆಯೂ ಜೊತೆಗೂಡಿದವು, ಆದಾಯ ಇಳಿಯಿತು. ಕಾಲಕ್ಕೆ ಹೊಂದುವ ಏನನ್ನಾದರೂ ಪ್ರಕಟಿಸಿ ಈ ಕೊರತೆಯನ್ನು ತುಂಬಿಕೊಳ್ಳುವ ಅಗತ್ಯವಿತ್ತೆಂದು ಅವನೇ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾನೆ. ದೇಶದಲ್ಲಿ ಶಾಂತಿಯೂ ಒಮ್ಮತವೂ ನೆಲೆಸಲೆಂಬುದು ತನ್ನ ಉದ್ದೇಶವೆಂದೂ ಹೇಳಿಕೊಂಡಿದ್ದಾನೆ. ಎರಡೂ ಮಾತು ನಿಜವೆಂದು ಒಪ್ಪುವುದರಲ್ಲಿ ತೊಂದರೆಯಿಲ್ಲ.

5

1760ರಲ್ಲಿ ಮೂರನೆಯ ಜಾರ್ಜ್ ಪಟ್ಟಕ್ಕೆ ಬಂದಾಗ ಯುದ್ಧದಲ್ಲಿ ಬ್ರಿಟನ್ ಗೆಲ್ಲುತ್ತಲೇ ಇತ್ತು. ಸಾಲವೂ ಬೆಳೆಯುತ್ತಲೇ ಇತ್ತು. ಯುದ್ಧವನ್ನು ಮುನ್ನಡೆಸಿದ ವಿಲಿಯಂ ಪಿಟ್, ಸ್ಪೇನಿನ ಮೇಲೂ ಯುದ್ಧ ಸಾರಬೇಕೆಂಬ ತನ್ನ ಸಲಹೆಯನ್ನು ಸಂಪುಟ ಒಪ್ಪದಿದ್ದಾಗ, 1761ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟನು. ವರ್ಷಕ್ಕೆ 3000 ಪೌಂಡುಗಳ ವಿಶ್ರಾಂತಿ ವೇತನವನ್ನು ಸ್ವೀಕರಿಸಿದನು. ಮರುವರ್ಷ ಪ್ರಧಾನಿಯಾದ ಲಾರ್ಡ್ ಬ್ಯೂಟ್ ಹೊಸ ಅರಸನ ಗುರು, ಸ್ಕಾಟ್ಲೆಂಡಿನವನು. ಅವನು ಶಾಂತಿ ಮಾತುಕತೆಗೆ ತೊಡಗಿದ್ದೇ ತಡ ಲಂಡನ್ನಿನ ಬೀದಿಗಳು ಅವನ ವಿರುದ್ಧ ಎದ್ದವು. ಅವನ ಹೆಸರಿನ ಶ್ಲೇಷೆಯಿಂದ ದೊಡ್ಡ ಬೂಟು ಅವನ ಗುರುತಾಯಿತು. ನೂರಾರು ವಿಡಂಬನ ಚಿತ್ರಗಳಲ್ಲಿ ಆ ಬೂಟನ್ನು ಗಲ್ಲಿಗೇರಿಸಿದರು, ಸುಟ್ಟರು. ಅರಸನ ತಾಯಿಯೊಡನೆ ಅವನ ಸಂಬಂಧವನ್ನು ಕಲ್ಪಿಸಿ ಬೂಟಿನ ಪಕ್ಕದಲ್ಲಿ ಹೆಂಗಸಿನ ಲಂಗವನ್ನು ತೂಗುಹಾಕಿದರು. ಬ್ಯೂಟ್‌ನ ಸ್ಕಾಟಿಷ್ ಮೂಲವನ್ನು ಅಣಕಿಸುವ ‘ನಾರ್ತ್ ಬ್ರಿಟನ್’ ಎಂಬ ವಾರಪತ್ರಿಕೆಯನ್ನು ಜಾನ್ ವಿಲ್ಕ್ಸ್ ಎಂಬ ಪಾರ್ಲಿಮೆಂಟ್ ಸದಸ್ಯನು ಚಾರ್ಲ್ಸ್ ಚರ್ಚಿಲ್ ಎಂಬ ಕವಿಯ ನೆರವಿನಿಂದ ಹೊರಡಿಸತೊಡಗಿದನು. ಇಬ್ಬರೂ ಹೋಗಾರ್ತ್‌ನ ಸ್ನೇಹಿತರು.

ಹೋಗಾರ್ತ್ ಶಾಂತಿಯ ಪರವಾಗಿ ಚಿತ್ರ ಸಿದ್ಧಪಡಿಸುತ್ತಿರುವ ಸುದ್ದಿ ತಿಳಿದ ವಿಲ್ಕ್ಸ್ ಅದನ್ನು ಪ್ರಕಟಿಸಬಾರದೆಂದು ಹೇಳಿಕಳುಹಿಸಿದನು. ಚಿತ್ರದಲ್ಲಿರುವುದು ಪಿಟ್ ಮತ್ತು ಅವನ ಭಾವಮೈದುನ ಲಾರ್ಡ್ ಟೆಂಪಲ್, ನಿಮ್ಮಿಬ್ಬರಿಗೆ ಸಂಬಂಧವಿಲ್ಲ ಎಂಬುದು ಹೋಗಾರ್ತ್‌ನ ಉತ್ತರ. 1762ರ ಸೆಪ್ಟೆಂಬರ್ 7ರಂದು ‘ದ ಟೈಮ್ಸ್, ಒಂದನೆಯ ಫಲಕ’ ಹೊರಬಂದಿತು.

ಚಿತ್ರದ ವಿನ್ಯಾಸ ಸರಳವಾದುದು. ಒಂದು ಬೀದಿಗೆ ಬೆಂಕಿ ಬಿದ್ದಿದೆ. ಭೂಗೋಳವನ್ನು ಫಲಕವಾಗಿ ಉಳ್ಳ ಮನೆಯೂ ಉರಿಯುತ್ತಿದೆ. ಅಂದರೆ ಲೋಕವೇ ಉರಿಯುತ್ತಿದೆ. ನೀರಿನ ಯಂತ್ರವೊಂದರ ಮೇಲೆ ನಿಂತವನು ಕೊಳವೆಯನ್ನು ಬೆಂಕಿಯ ಕಡೆಗೆ ತಿರುಗಿಸಿದ್ದಾನೆ. ಅವನನ್ನು ಕೆಲವರು ಬ್ಯೂಟ್ ಎಂದೂ ಕೆಲವರು ಅರಸನೆಂದೂ ಗುರುತಿಸಿದ್ದಾರೆ. ಸ್ಕಾಟ್ಲೆಂಡಿನ ಉಡುಗೆಯವನೊಬ್ಬ ನೀರು ಹೊತ್ತು ತರುತ್ತಾನೆ. ಇನ್ನೊಂದೆಡೆ ಮರಗಾಲುಗಳ ಮೇಲೆ ನಿಂತ ಪಿಟ್ ತಿದಿಯಿಂದ ಉರಿಯನ್ನು ಊದುತ್ತಿದ್ದಾನೆ. ಅವನ ಕೊರಳಲ್ಲಿ 3000 ಪೌಂಡುಗಳ ಲೆಕ್ಕ ಬರೆದ ದುಂಡನೆಯ ಭಾರವೊಂದು ತೂಗುತ್ತಿದೆ. ಮುಂದಿನ ಮುದ್ರಣಗಳಲ್ಲಿ ಹೋಗಾರ್ತ್ ಪಿಟ್‌ನ ಮುಖವನ್ನು ಅಳಿಸಿ ಎಂಟನೆಯ ಹೆನ್ರಿಯ ಮುಖವನ್ನಿಟ್ಟನು. ಟೆಂಪಲ್ ಕಾಫಿ ಮನೆಯ ಕಿಟಕಿಗಳಿಂದ ಮೂವರು ನೀರು ಚಿಮ್ಮಿಸುತ್ತಿದ್ದಾರೆ. ಅವರ ಗುರಿ ಬೆಂಕಿಯಲ್ಲ, ಬೆಂಕಿ ಆರಿಸುವವನು. ಒಬ್ಬಾತ ಒತ್ತುಗಾಡಿಯಲ್ಲಿ ‘ನಾರ್ತ್ ಬ್ರಿಟನ್’, ‘ಮಾನಿಟರ್’ ಪತ್ರಿಕೆಗಳ ಕಟ್ಟುಗಳನ್ನು ಉರಿಗೆ ಉರುವಲಾಗಿ ತರುತ್ತಾನೆ. ಡಚ್ಚನೊಬ್ಬ ಸರಕಿನ ಮೂಟೆಯ ಮೇಲೆ ಕುಳಿತು ನೆಮ್ಮದಿಯಿಂದ ಹೊಗೆ ಎಳೆಯುತ್ತಾನೆ. ಮನೆಮಾರು ಕಳೆದುಕೊಂಡ ಹೆಂಗಸರು ಮಕ್ಕಳ ನಡುವೆ ಒಬ್ಬ ಪಿಟೀಲು ಬಾರಿಸುತ್ತಿದ್ದಾನೆ. ಅವನೇ ಪ್ರಷ್ಯಾದ ಫ್ರೆಡರಿಕ್. ಹನ್ನೆರಡು ವರ್ಷಗಳ ಹಿಂದೆ ಹೋಗಾರ್ತ್ ತನ್ನ ಚಿತ್ರವನ್ನು ಅರ್ಪಿಸಿದ ಅರಸ. ಹೊಗೆಯ ಮೇಲೆ ಆಲಿವ್ ಚಿಗುರು ಕಚ್ಚಿದ ಪಾರಿವಾಳ ಹಾರುತ್ತಿದೆ.

ನಿರಾಶ್ರಿತರ ಆ ಗುಂಪು ಇಡೀ ಚಿತ್ರದ ಹೃದಯ. ಅಂದಿನ ಬೇರೆ ವಿಡಂಬನ ಚಿತ್ರಗಳಲ್ಲಿ ಯುದ್ಧವೆಂದರೆ ಗೆದ್ದ ದ್ವೀಪಗಳ, ಕಳೆದುಕೊಂಡ ಮೀನುಗಾರಿಕೆಯ ಲೆಕ್ಕವಾಗಿತ್ತು. ಯುದ್ಧದಿಂದ ಬೀದಿಗೆ ಬಿದ್ದವರನ್ನು ಹೋಗಾರ್ತ್ ನೆನೆದನು. ಈ ಮಾನವೀಯ ಕಾಳಜಿಯನ್ನು ಅಲ್ಲಗಳೆಯುವಂತಿಲ್ಲ.

6

ಆದರೆ ಲಂಡನ್ ಆ ಗುಂಪನ್ನು ನೋಡಲಿಲ್ಲ. ಅರಸನ ಸಂಬಳ ಪಡೆಯುವ ಕೈಯನ್ನು ನೋಡಿತು. ಸೆಪ್ಟೆಂಬರ್ 25ರ ‘ನಾರ್ತ್ ಬ್ರಿಟನ್’ 17ನೆಯ ಸಂಚಿಕೆಯನ್ನು ವಿಲ್ಕ್ಸ್ ಹೋಗಾರ್ತ್‌ನಿಗೇ ಮೀಸಲಿಟ್ಟನು. ಅವನ ಕಲ್ಪನಾಶಕ್ತಿ ಬತ್ತಿತೆಂದು ಸಾರಿ, ಅವನ ಹುದ್ದೆಯನ್ನು ಗೋಡೆಗೆ ಬಣ್ಣ ಬಳಿಯುವ ಕೆಲಸವೆಂದು ಹಂಗಿಸಿ, ‘ಸಿಗಿಸ್ಮುಂಡಾ’ವನ್ನು ಗೇಲಿ ಮಾಡಿ, ಅವನ ಹೆಂಡತಿಯನ್ನೂ ಎಳೆದು ತಂದನು. ಕೆತ್ತನೆಗಾರರೂ ಸುಮ್ಮನಿರಲಿಲ್ಲ. ಪಾಲ್ ಸ್ಯಾಂಡ್ಬಿಯದೆಂದು ಹೇಳಲಾಗುವ ಒಂದು ಚಿತ್ರದಲ್ಲಿ ಹೋಗಾರ್ತ್ ಅಟ್ಟಣಿಗೆ ಏರಿ ಬೃಹತ್ತಾದ ಬೂಟಿಗೆ ಬಣ್ಣ ಬಳಿಯುತ್ತಿದ್ದಾನೆ. ಬೀದಿಯ ನಗೆಯನ್ನು ಮೂವತ್ತು ವರ್ಷ ಆಳಿದವನೇ ಈಗ ಬೀದಿಯ ನಗೆಗೆ ಈಡಾದನು.

ಇತ್ತ ಮಾತುಕತೆ ಮುಂದುವರಿಯಿತು. ನವೆಂಬರ್ 3ರಂದು ಫಾಂಟೆನ್‌ಬ್ಲೋದಲ್ಲಿ ಪ್ರಾಥಮಿಕ ಕರಾರಿಗೆ ಸಹಿ ಬಿತ್ತು. ಡಿಸೆಂಬರ್ 9ರಂದು ಕಾಮನ್ಸ್ ಸಭೆಯಲ್ಲಿ ಕಾಯಿಲೆಯ ಪಿಟ್‌ನನ್ನು ಎತ್ತಿ ತಂದರು. ಅವನು ಮೂರು ಗಂಟೆಗೂ ಮಿಕ್ಕಿ ವಿರೋಧಿಸಿ ಮಾತನಾಡಿದರೂ ಸಭೆ 319–65 ಮತಗಳಿಂದ ಕರಾರನ್ನು ಒಪ್ಪಿತು. 1763ರ ಫೆಬ್ರುವರಿ 10ರಂದು ಪ್ಯಾರಿಸ್ಸಿನಲ್ಲಿ ಅಂತಿಮ ಒಪ್ಪಂದವಾಯಿತು. ಕೆನಡಾ ಬ್ರಿಟನ್ನಿಗೆ ಬಂತು. ಗ್ವಾಡಲೂಪ್, ಮಾರ್ಟಿನಿಕ್ ದ್ವೀಪಗಳು ಫ್ರಾನ್ಸಿಗೆ ಮರಳಿದವು. ಹವಾನಾವನ್ನು ಹಿಂದಕ್ಕೆ ಕೊಟ್ಟು ಸ್ಪೇನಿನಿಂದ ಫ್ಲಾರಿಡಾವನ್ನು ಪಡೆದರು.

ಈ ಒಪ್ಪಂದದ 11ನೆಯ ಕಲಮು ದಕ್ಷಿಣ ಭಾರತಕ್ಕೆ ಸಂಬಂಧಿಸಿದ್ದೆಂಬುದನ್ನು ಇಲ್ಲಿ ನೆನೆಯಬಹುದು. ಅದರಂತೆ ಪಾಂಡಿಚೇರಿ ಫ್ರೆಂಚರಿಗೆ ಮರಳಿತು. ಮಹಮ್ಮದ್ ಅಲಿಯನ್ನು ಕರ್ನಾಟಿಕ್ ಪ್ರಾಂತದ ನವಾಬನೆಂದೂ ಸಲಾಬತ್ ಜಂಗ್‌ನನ್ನು ದಖನ್ನಿನ ಸುಬೇದಾರನೆಂದೂ ಉಭಯ ರಾಷ್ಟ್ರಗಳು ಮಾನ್ಯ ಮಾಡಿದವು. ಆ ವೇಳೆಗೆ ಸಲಾಬತ್ ಜಂಗ್ ತಮ್ಮನಾದ ನಿಜಾಮ್ ಅಲಿಯಿಂದ ಪದಚ್ಯುತನಾಗಿ ಬೀದರದ ಕೋಟೆಯಲ್ಲಿ ಸೆರೆಯಲ್ಲಿದ್ದನು. ಅದೇ ವರ್ಷ ಅಲ್ಲಿಯೇ ಅವನ ಅಂತ್ಯವಾಯಿತು. ಲಂಡನ್ನಿನ ಯಾವ ವಿಡಂಬನಕಾರನಿಗೂ ಹೊಳೆಯದ ವಿಡಂಬನೆ ಒಪ್ಪಂದದ ಒಡಲಲ್ಲಿಯೇ ಅಡಗಿತ್ತು.

7

1763ರ ಏಪ್ರಿಲಿನಲ್ಲಿ ಬ್ಯೂಟ್ ಅಧಿಕಾರ ಬಿಟ್ಟನು. ಅದೇ ತಿಂಗಳ 23ರಂದು ‘ನಾರ್ತ್ ಬ್ರಿಟನ್’ನ 45ನೆಯ ಸಂಚಿಕೆ, ಶಾಂತಿಯನ್ನು ಹೊಗಳಿದ ಅರಸನ ಭಾಷಣವನ್ನು ಖಂಡಿಸಿತು. ವಿಲ್ಕ್ಸ್‌ನನ್ನು ಬಂಧಿಸಲಾಯಿತು. ಮೇ 6ರಂದು ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿದಾಗ ಜನಸಾಗರ ಜಯಘೋಷ ಮಾಡಿತು. ನ್ಯಾಯಾಲಯದಲ್ಲಿ ಕುಳಿತು ಹೋಗಾರ್ತ್ ಅವನ ರೂಪವನ್ನು ಬರೆದುಕೊಂಡಿದ್ದನು. ಮೇ 16ರಂದು ಪ್ರಕಟವಾದ ಕೆತ್ತನೆಯಲ್ಲಿ ವಿಲ್ಕ್ಸ್ ಮೆಳ್ಳೆಗಣ್ಣಿನಿಂದ ನೋಡುತ್ತ, ಹಲ್ಲುಕಿರಿದು, ಸ್ವಾತಂತ್ರ್ಯದ ಟೊಪ್ಪಿಗೆಯನ್ನು ಕೋಲಿನ ತುದಿಯಲ್ಲಿ ಹಿಡಿದು ಕುಳಿತಿದ್ದಾನೆ. ಅವನ ಕೃತಕ ಕೂದಲಿನ ತುದಿಗಳು ಕೊಂಬುಗಳಂತೆ ಕಾಣುತ್ತವೆ. ಮೇಜಿನ ಮೇಲೆ 17 ಮತ್ತು 45ನೆಯ ಸಂಚಿಕೆಗಳಿವೆ. ಕೆಲವೇ ವಾರಗಳಲ್ಲಿ ಸುಮಾರು 4000 ಪ್ರತಿಗಳು ಮಾರಾಟವಾದುವೆಂದು ಹೇಳಲಾಗಿದೆ. ಪರಿಣಾಮ ಮಾತ್ರ ವಿಪರೀತವಾಯಿತು. ವಿಲ್ಕ್ಸ್‌ನ ಅಭಿಮಾನಿಗಳು ಅದನ್ನೇ ತಮ್ಮ ನಾಯಕನ ಭಾವಚಿತ್ರವೆಂದು ಇಟ್ಟುಕೊಂಡರು. ತಾನು ದಿನದಿನಕ್ಕೂ ಆ ಚಿತ್ರದಂತೆಯೇ ಆಗುತ್ತಿದ್ದೇನೆಂದು ವಿಲ್ಕ್ಸ್ ಮುಂದೆ ತಾನೇ ನಗೆಯಾಡುತ್ತಿದ್ದನಂತೆ.

ಜುಲೈನಲ್ಲಿ ಚರ್ಚಿಲ್ ಹೋಗಾರ್ತ್‌ನನ್ನು ಸಂಬೋಧಿಸಿ ದೀರ್ಘ ಪದ್ಯವೊಂದನ್ನು ಪ್ರಕಟಿಸಿದನು. ಮುಪ್ಪನ್ನೂ ಅಸೂಯೆಯನ್ನೂ ಎತ್ತಿ ಆಡಿದ ಆ ಪದ್ಯಕ್ಕೆ ಆಗಸ್ಟ್ 1ರಂದು ಹೋಗಾರ್ತ್ ಉತ್ತರ ಕೊಟ್ಟನು. ಅದಕ್ಕಾಗಿ ಅವನು ಹೊಸ ತಗಡನ್ನು ತೆಗೆದುಕೊಳ್ಳಲಿಲ್ಲ. ತಾನೂ ತನ್ನ ಪಗ್ ನಾಯಿಯೂ ಇದ್ದ 1749ರ ಆತ್ಮಚಿತ್ರದ ತಗಡನ್ನೇ ಎತ್ತಿಕೊಂಡು, ಅದರಲ್ಲಿದ್ದ ತನ್ನ ಮುಖವನ್ನು ಉಜ್ಜಿ ಅಳಿಸಿ, ಆ ಜಾಗದಲ್ಲಿ ಪಾದ್ರಿಯ ಕೊರಳಪಟ್ಟಿ ತೊಟ್ಟು ಬಿಯರಿನ ಪಾತ್ರೆ ಹಿಡಿದ ಕರಡಿಯಾಗಿ ಚರ್ಚಿಲ್‌ನನ್ನು ಕೆತ್ತಿದನು. ನಾಯಿ ಮಾತ್ರ ಹಾಗೆಯೇ ಉಳಿದು ಚರ್ಚಿಲ್‌ನ ಪದ್ಯದ ಮೇಲೆ ಮೂತ್ರ ಮಾಡುತ್ತದೆ. ಎದುರಾಳಿಯನ್ನು ಚಿತ್ರಿಸಲು ತನ್ನ ಮುಖವನ್ನೇ ಅಳಿಸಿದ ಈ ತಗಡು ಆ ಕದನದ ಬೆಲೆ ಏನೆಂಬುದನ್ನು ತೋರಿಸುತ್ತದೆ. ಶಾಂತಿಗಾಗಿ ಆರಂಭವಾದ ವಿಡಂಬನೆ ಇಲ್ಲಿಗೆ ಬರುವಷ್ಟರಲ್ಲಿ ಶಾಂತಿಯನ್ನೇ ಮರೆತಿತ್ತು.

8

‘ದ ಟೈಮ್ಸ್’ನ ಎರಡನೆಯ ಫಲಕವನ್ನು ಹೋಗಾರ್ತ್ ಸಿದ್ಧಪಡಿಸಿದ್ದನು, ಪ್ರಕಟಿಸಲಿಲ್ಲ. ಅದು ಬೆಳಕು ಕಂಡದ್ದು 1790ರಲ್ಲಿ. 1764ರ ವಸಂತದಲ್ಲಿ ಅವನು ಕೆತ್ತಿದ ‘ಟೇಲ್‌ಪೀಸ್’ ಎಂಬ ಸಮಾಪ್ತಿ ಚಿತ್ರದಲ್ಲಿ ಕಾಲಪುರುಷನೇ ಮುರಿದ ಕುಡುಗೋಲಿನೊಡನೆ ಕೊನೆಯುಸಿರೆಳೆಯುತ್ತಿದ್ದಾನೆ. ಅವನ ಸುತ್ತ ಮುರಿದ ವಸ್ತುಗಳು ಬಿದ್ದಿವೆ. ಒಂದು ಮೂಲೆಯಲ್ಲಿ ‘ದ ಟೈಮ್ಸ್’ ಚಿತ್ರದ ಪ್ರತಿ ಬೆಂಕಿ ಹತ್ತಿ ಉರಿಯುತ್ತಿದೆ. ಅಕ್ಟೋಬರ್ 25ರಂದು ಅವನನ್ನು ಚಿಸಿಕ್‌ನ ಮನೆಯಿಂದ ಲೆಸ್ಟರ್ ಫೀಲ್ಡ್ಸ್‌ನ ಮನೆಗೆ ಕರೆತರಲಾಯಿತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ನಿಂದ ಬಂದಿದ್ದ ಪತ್ರಕ್ಕೆ ಅಂದು ಉತ್ತರದ ಕರಡು ಬರೆದು ಮಲಗಿದವನು ಆ ರಾತ್ರಿಯೇ ತೀರಿಕೊಂಡನು. ಹತ್ತು ದಿನಗಳೊಳಗೆ, ನವೆಂಬರ್ 4ರಂದು, ದೇಶಭ್ರಷ್ಟನಾಗಿದ್ದ ವಿಲ್ಕ್ಸ್‌ನನ್ನು ಕಾಣಲು ಬೂಲೋನ್‌ಗೆ ಹೋಗಿದ್ದ ಚರ್ಚಿಲ್ ಅಲ್ಲಿಯೇ ಜ್ವರದಿಂದ ಮರಣಹೊಂದಿದನು. ಸಪ್ತವಾರ್ಷಿಕ ಯುದ್ಧದ ಸಾಲವನ್ನು ತೀರಿಸಲು ಬ್ರಿಟನ್ ಅಮೆರಿಕದ ವಸಾಹತುಗಳ ಮೇಲೆ ತೆರಿಗೆ ಹೇರಿತು. ಅದರಿಂದ ಹುಟ್ಟಿದ ಇನ್ನೊಂದು ಯುದ್ಧ 1783ರಲ್ಲಿ ಅದೇ ಪ್ಯಾರಿಸ್ಸಿನಲ್ಲಿ ಇನ್ನೊಂದು ಒಪ್ಪಂದದಿಂದ ಮುಗಿಯಿತು. ಅದಕ್ಕೆ ಅಮೆರಿಕದ ಪರವಾಗಿ ಸಹಿ ಮಾಡಿದವರಲ್ಲಿ ಫ್ರಾಂಕ್ಲಿನ್ ಒಬ್ಬನು.

ಹೋಗಾರ್ತ್‌ನ ತಗಡುಗಳು ಜೇನ್‌ಳಿಗೆ ಉಳಿದವು. 1767ರಲ್ಲಿ ಪಾರ್ಲಿಮೆಂಟ್ ಅವುಗಳ ಮೇಲೆ ಆಕೆಗೆ 20 ವರ್ಷಗಳ ವಿಶೇಷ ಹಕ್ಕನ್ನು ನೀಡಿತು. 1789ರಲ್ಲಿ ತೀರಿಕೊಳ್ಳುವವರೆಗೂ ಆಕೆಯ ಜೀವನಾಧಾರ ಆ ಚಿತ್ರಗಳೇ. ಗಂಡನ ಸರಕಾರಿ ಹುದ್ದೆ ಅವನೊಡನೆ ಮುಗಿಯಿತು. ಅವನು ಹೋರಾಡಿ ತಂದ ಕಾಯಿದೆಯ ತತ್ವ ಅವನ ಹೆಂಡತಿಯನ್ನು ಕಾಪಾಡಿತು.

ಹೋಗಾರ್ತ್‌ನ ಕೊನೆಯ ಅಧ್ಯಾಯವನ್ನು ಪ್ರತಿಭೆಯ ಅವನತಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಯುದ್ಧ ನಿಲ್ಲಬೇಕೆಂಬ ಅವನ ಮಾತಿನಲ್ಲಿ ಸತ್ಯವಿತ್ತು. ಅವನನ್ನು ಹಳಿದವರಲ್ಲಿ ಎಲ್ಲರೂ ಸ್ವಾತಂತ್ರ್ಯಪ್ರಿಯರಾಗಿರಲಿಲ್ಲ, ಸ್ಕಾಟರ ಮೇಲಣ ದ್ವೇಷವನ್ನೇ ದೇಶಭಕ್ತಿಯೆಂದು ಮಾರಿದವರೂ ಇದ್ದರು. ಆದರೂ ವಿಡಂಬನೆಯ ಓದುಗ ಹೇಳಿದ್ದು ನಿಜವೇ ಎಂದು ಕೇಳುವ ಮೊದಲು, ಹೇಳಿದವನು ಯಾರ ಹಂಗಿನಲ್ಲಿದ್ದಾನೆಂದು ಕೇಳುತ್ತಾನೆ. ಹಾಗೆ ಕೇಳುವ ಅಭ್ಯಾಸವನ್ನು ಇಂಗ್ಲಿಷ್ ಜನತೆಗೆ ಕಲಿಸಿದವರಲ್ಲಿ ಹೋಗಾರ್ತ್‌ನೇ ಮೊದಲಿಗ. ತಾನು ಕಲಿಸಿದ ಪಾಠದಿಂದಲೇ ಅವನು ಸೋತನು. ಆ ಸೋಲಿನಿಂದ ಪಾಠದ ಬೆಲೆ ಕಡಿಮೆಯಾಗಲಿಲ್ಲ. ಮುಂದೆ ಬಂದ ಗಿಲ್‌ರೇ, ರೋಲ್ಯಾಂಡ್‌ಸನ್ ಮೊದಲಾದ ವಿಡಂಬನ ಚಿತ್ರಕಾರರೆಲ್ಲ ನಡೆದದ್ದು ಅವನು ಹಾಕಿಕೊಟ್ಟ ಹಾದಿಯಲ್ಲಿಯೇ.